ವಯಸ್ಸು ಮಾಗಿದರೆ ಸ್ವಭಾವ ಮಾಗುವುದೇ?

ಹುಟ್ಟುಗುಣ ಸುಟ್ಟರೂ ಹೋಗದೆಂದು ನಮ್ಮ ಗಾದೆ. ಬಹುಮಂದಿಯ ಸ್ವಭಾವ ಮೂವತ್ತನೆಯ ವಯಸ್ಸಿಗೆ ಗಾರೆಯಂತೆ ಗಟ್ಟಿಯಾಗಿಬಿಡುತ್ತದೆಂದು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರಲ್ಲಿ ಬರೆದನು. ಇದು ನಿಜವೇ ಎಂದು ಅರವತ್ತು ದಾಟಿದ ನಾನು ಈಚೆಗೆ ಯೋಚಿಸಬೇಕಾಯಿತು.

ಹಳೆಯ ವಿದ್ಯಾರ್ಥಿಯೊಬ್ಬರು ಮನೆಗೆ ಬಂದಿದ್ದರು. ತರಗತಿಗೆ ಐದು ನಿಮಿಷ ತಡವಾಗಿ ಬಂದರೆಂದು ಅವರನ್ನು ನಾನೊಮ್ಮೆ ಎಲ್ಲರೆದುರು ಹೀಯಾಳಿಸಿ ಹೊರಗೆ ಕಳುಹಿಸಿದ್ದೆ. ಕಾಫಿ ಕುಡಿಯುತ್ತ ಅವರು, “ಸಾರ್, ತಾವು ಈಗ ಬಹಳ ಮೃದುವಾಗಿದ್ದೀರಿ” ಎಂದರು. ನಾನು ಹಿಗ್ಗುವಷ್ಟರಲ್ಲಿ ನನ್ನಾಕೆ ನಕ್ಕು, “ಮೃದುವೇನೂ ಆಗಿಲ್ಲಪ್ಪ. ಈಗ ಇವರ ಕೈಯಲ್ಲಿ ಹಾಜರಿ ಪುಸ್ತಕವಿಲ್ಲ, ಅಷ್ಟೆ” ಎಂದಳು.

ಆ ಮಾತು ನಾಟಿತು. ಅಧಿಕಾರ ಹೋದುದನ್ನೇ ಸ್ವಭಾವ ತಿದ್ದಿತೆಂದು ನಾನು ಭ್ರಮಿಸಿದ್ದೆನೇ?

ಸ್ಕಾಟ್ಲೆಂಡಿನಲ್ಲಿ 1950ರಲ್ಲಿ ಹದಿನಾಲ್ಕು ವರ್ಷದ ಮಕ್ಕಳ ಆತ್ಮವಿಶ್ವಾಸ, ಛಲ ಮೊದಲಾದ ಆರು ಗುಣಗಳನ್ನು ಅವರ ಉಪಾಧ್ಯಾಯರು ಅಳೆದಿದ್ದರು. ಅವರಲ್ಲಿ 174 ಮಂದಿಯನ್ನು 2012ರಲ್ಲಿ, 77ನೆಯ ವಯಸ್ಸಿನಲ್ಲಿ, ಮತ್ತೆ ಪರಿಶೀಲಿಸಿದಾಗ ಅಂದಿನ ಗುಣಕ್ಕೂ ಇಂದಿನ ಗುಣಕ್ಕೂ ಸಂಬಂಧ ಅತ್ಯಲ್ಪವೆಂದು ಕಂಡಿತು. ಹಾಗಾದರೆ ಗಾರೆ ಕರಗುವುದುಂಟು. ಆದರೆ ಒಂದು ಸಂದೇಹ: ಅಂದು ಅಳೆದವರು ಮೇಷ್ಟರು; ಮುಪ್ಪಿನಲ್ಲಿ ಅಳೆದವರು ಸ್ವತಃ ಅವರೇ, ಮತ್ತು ಅವರ ಆಪ್ತರು. ಕಣ್ಣು ಬೇರೆಯಾದರೆ ಕಾಣುವ ಮನುಷ್ಯನೂ ಬೇರೆ. ನಮ್ಮ ಮನೆಯಲ್ಲಿ ನಡೆದದ್ದೂ ಅದೇ ಅಲ್ಲವೆ?

ಈ ತೊಡಕಿನಲ್ಲಿ ನನಗೆ ನೆರವಾದವನು ನಮ್ಮ ನಾಗಚಂದ್ರ. ರಾಮಚಂದ್ರಚರಿತ ಪುರಾಣದಲ್ಲಿ ಸೀತೆಯ ಶೋಕವನ್ನು ಕಂಡು ರಾವಣನ ಮೋಹ ಕರಗುತ್ತದೆ. ಆಕೆಯನ್ನು ರಾಮನಿಗೆ ಒಪ್ಪಿಸಲು ನಿಶ್ಚಯಿಸುತ್ತಾನೆ. ಆದರೆ ಯಾವಾಗ? ರಾಮಲಕ್ಷ್ಮಣರನ್ನು ಯುದ್ಧದಲ್ಲಿ ಗೆದ್ದ ಮೇಲೆ! ಸೋತು ಒಪ್ಪಿಸಿದನೆಂಬ ಮಾತು ಬರಬಾರದು. ಮನಸ್ಸು ಮೃದುವಾಯಿತು, ಅಭಿಮಾನ ಮೃದುವಾಗಲಿಲ್ಲ. ಆ ಅಭಿಮಾನವೇ ಅವನನ್ನು ಕೊಂದಿತು.

ಆಗ ನನಗೆ ಹೊಳೆಯಿತು: ಆ ವಿದ್ಯಾರ್ಥಿ ಗಂಟೆ ಹೊತ್ತು ಕುಳಿತಿದ್ದರೂ “ಅಂದು ನಾನು ಮಾಡಿದ್ದು ತಪ್ಪು” ಎಂಬ ಮಾತು ನನ್ನ ಬಾಯಿಂದ ಬರಲಿಲ್ಲ. ಕೋಪ ಇಳಿದಿತ್ತು, ಅದರ ಬೇರಾದ ಅಭಿಮಾನ ಹಾಗೆಯೇ ಇತ್ತು. ವಯಸ್ಸು ತಾನಾಗಿ ಮಾಡುವುದು ಇಷ್ಟೇ ಇರಬಹುದು. ಮಿಕ್ಕದ್ದನ್ನು ನಾವು ಮಾಡಬೇಕು.

ಮರುದಿನ ಆತನಿಗೊಂದು ಕಾಗದ ಬರೆದೆ. ಸ್ವಭಾವ ಬದಲಾಯಿತೆಂದು ಸಾರಲಾರೆ. ಮೂವತ್ತರಲ್ಲಿ ಬರೆಯಲಾರದ ಕಾಗದವನ್ನು ಅರವತ್ತು ದಾಟಿದ ಮೇಲೆ ಬರೆದೆ. ಅಷ್ಟನ್ನು ಮಾತ್ರ ಹೇಳಬಲ್ಲೆ.