ಕಡವು ಕಾದವರು, ಹೊಳೆ ದಾಟಿಸಿದವರು

ವಿಜಯಪುರ ಸೀಮೆಗೆ ಉತ್ತರದಲ್ಲಿ ಭೀಮಾ, ದಕ್ಷಿಣದಲ್ಲಿ ಕೃಷ್ಣಾ. ಬೇಸಿಗೆಯಲ್ಲಿ ಬಂಡೆ ಎದ್ದು ಕಾಣುವ, ಮಳೆಗಾಲದಲ್ಲಿ ದಂಡೆ ಮೀರುವ ಈ ಹೊಳೆಗಳಗುಂಟ ಸರಕಿನ ದೋಣಿ ದೂರ ಸಾಗುವಂತಿರಲಿಲ್ಲ. ಆದ್ದರಿಂದ ಇಲ್ಲಿ ಜಲಮಾರ್ಗದ ಆಡಳಿತವೆಂದರೆ ಶತಮಾನಗಳ ಕಾಲ ಒಂದೇ ಕೆಲಸ: ಈಚೆ ದಂಡೆಯವರನ್ನು ಆಚೆ ಮುಟ್ಟಿಸುವುದು.

ಅದಕ್ಕೆ ಒದಗಿದ್ದು ಹರಗೋಲು. ಬಿದಿರು ಸೀಳಿ ಹೆಣೆದ ದುಂಡನೆಯ ಮೈ, ಹೊರಗೆ ಬಿಗಿದ ತೊಗಲು, ಅಂಬಿಗನ ಕೈಯಲ್ಲೊಂದು ಹುಟ್ಟು. 1520ರ ಸುಮಾರಿಗೆ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್ ತುಂಗಭದ್ರೆಯಲ್ಲಿ ಇದನ್ನು ಕಂಡು ಬರೆದಿಟ್ಟಿದ್ದಾನೆ: 15–20 ಜನ ಹಿಡಿಸುತ್ತಾರೆ, ಬೇಕಾದರೆ ಕುದುರೆ, ಎತ್ತುಗಳೂ ದಾಟುತ್ತವೆ, ನೆಟ್ಟಗೆ ಮಾತ್ರ ಹೋಗದು, ಗಿರಗಿರ ಸುತ್ತುತ್ತಲೇ ಸಾಗುತ್ತದೆ.

ಹೊಳೆ ದಾಟುವ ಕಡವು ಯಾರ ಕೈಯಲ್ಲೋ ರಾಜ್ಯ ಅವರದು. 1565ರ ಜನವರಿಗಿಂತ ದೊಡ್ಡ ಸಾಕ್ಷಿ ಇದಕ್ಕೆ ಬೇಡ. ತಾಳಿಕೋಟೆಯಲ್ಲಿ ಕೂಡಿದ ದಖ್ಖನಿನ ಸುಲ್ತಾನರ ದಂಡು ಕೃಷ್ಣೆಗೆ ಬಂದಾಗ ಆಚೆ ದಂಡೆಯಲ್ಲಿ ವಿಜಯನಗರದ ಸೈನ್ಯ ಕಡವನ್ನು ಭದ್ರವಾಗಿ ಕಾಯುತ್ತಿತ್ತು. ಇತಿಹಾಸಕಾರ ಫೆರಿಸ್ತಾ ಹೇಳುವ ಪ್ರಕಾರ, ಸುಲ್ತಾನರು ಬೇರೆ ಕಡವು ಹುಡುಕುವವರಂತೆ ದಂಡೆಗುಂಟ ನಡೆದರು. ಆಚೆಯವರೂ ಕಾವಲು ಬಿಟ್ಟು ಅವರ ಸಮಸಮಕ್ಕೆ ನಡೆದರು. ಮೂರನೆಯ ರಾತ್ರಿ ದಂಡು ಡೇರೆ ಕಿತ್ತು ಹಿಂದಿರುಗಿ ಓಡಿತು. ಬರಿದಾಗಿದ್ದ ಕಡವನ್ನು ದಾಟಿಯೇ ಬಿಟ್ಟಿತು. ಮುಂದಿನ ಯುದ್ಧದಲ್ಲಿ ವಿಜಯನಗರ ಸೋತಿತು. ಒಂದು ಕಡವಿನ ಕಾವಲು ತಪ್ಪಿದ್ದಕ್ಕೆ ಅದರ ರಾಜಧಾನಿ, ಹಂಪಿಯಂಥ ಹಂಪಿ, ಹಾಳಾಯಿತು.

1868ರಲ್ಲಿ, ಆಗ ಈ ಸೀಮೆಯನ್ನು ಆಳುತ್ತಿದ್ದ ಮುಂಬಯಿ ಸರಕಾರ ಕಡವುಗಳಿಗೆ, ಒಳನಾಡಿನ ದೋಣಿಗಳಿಗೆ ಕಾಯ್ದೆ ಮಾಡಿತು. ಆಲಮೇಲದ ಬಳಿಯ ಭೀಮೆಯಂತೂ 1956ರವರೆಗೆ ರಾಜ್ಯಗಳ ಗಡಿ: ಈಚೆ ಆಲಮೇಲ ಮುಂಬಯಿಗೆ, ಆಚೆ ಅಫಜಲಪುರ ಹೈದರಾಬಾದಿಗೆ. ಒಂದೇ ನುಡಿಯ ಎರಡು ದಂಡೆಗಳು ಅಷ್ಟು ಕಾಲ ಬೇರೆ ಬೇರೆ ದೊರೆಗಳ ಕೈಕೆಳಗಿದ್ದವು.

ಆಮೇಲೆ ಸರಕಾರದ ಲಕ್ಷ್ಯವೆಲ್ಲ ನೀರು ಹಿಡಿಯುವುದರ ಕಡೆ ಹೊರಳಿತು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಕೃಷ್ಣೆಯ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲಿಟ್ಟರು. 1973ರಲ್ಲಿ ಬಚಾವತ್ ನ್ಯಾಯಮಂಡಳಿ ಕೃಷ್ಣೆಯ ನೀರು ಹಂಚಿತು. ಊರೂರಿಗೆ ಸೇತುವೆ ಬಂದವು. ಸೇತುವೆ ಬೇಕಿತ್ತು, ನಿಜ. ಆದರೆ ಸುಳಿ, ಮಡು, ಬಂಡೆಗಳನ್ನು ಕಣ್ಣಳತೆಯಲ್ಲೇ ಬಲ್ಲ ಅಂಬಿಗರ ತಿಳಿವಳಿಕೆಯನ್ನು ಯಾವ ಇಲಾಖೆಯೂ ಕೂಡಿಸಿಡಲಿಲ್ಲ. ಇದು ದೊಡ್ಡ ನಷ್ಟ.

2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆ ದೇಶದ 111 ಜಲಮಾರ್ಗಗಳನ್ನು ಹೆಸರಿಸಿತು. ಅದರಲ್ಲಿ ಭೀಮೆ ಇದೆ; ವಜೀರಾಬಾದಿನಿಂದ ಗಲಗಲಿವರೆಗಿನ ಕೃಷ್ಣೆಯೂ ಇದೆ, ನಡುವೆ ನಾರಾಯಣಪುರ, ಆಲಮಟ್ಟಿ ಅಣೆಕಟ್ಟುಗಳು ಅಡ್ಡ ನಿಂತಿದ್ದರೂ. 2021ರಲ್ಲಿ ಒಳನಾಡು ಹಡಗುಗಳ ಹೊಸ ಕಾಯ್ದೆ 1917ರ ಹಳೆಯದನ್ನು ತೆಗೆದುಹಾಕಿತು. ಯಂತ್ರವಿಲ್ಲದ ದೋಣಿಗಳಿಗೂ ಅದರಲ್ಲಿ ಒಂದು ಅಧ್ಯಾಯವಿದೆ. ಅವುಗಳ ನೋಂದಣಿಯಲ್ಲಿ ಸ್ಥಳೀಯ ಸಂಸ್ಥೆಗಳಿಗೆ ಪಾತ್ರವಿದೆ. ಮೀನುಗಾರರ ಕೈಯಲ್ಲಿ ಉಳಿದಿರುವ ಹರಗೋಲುಗಳಿಗೆ ಪಂಚಾಯತಿಯ ದಫ್ತರದಲ್ಲಿ ಜಾಗ ಸಿಗಲು ಈಗ ದಾರಿ ತೆರೆದಿದೆ.