ಮಾಗಿಯ ಸಾರಣೆ

(ಬಾನುಲಿ ಭಾಷಣ)

ಮನೆಯ ಸಾರಣೆಯ ವಿಷಯವಾಗಿ ನಾನು ರೇಡಿಯೋದಲ್ಲಿ ಮಾತನಾಡುತ್ತೇನೆಂದು ತಿಳಿದಾಗ ನನ್ನ ಮನೆಯವರು ಸ್ವಲ್ಪ ಹೊತ್ತು ನಕ್ಕರು. ಅವರ ನಗೆಗೆ ಕಾರಣವಿತ್ತು. ನಮ್ಮ ಮದುವೆಯಾದ 1976ರಿಂದ 2010ರವರೆಗೆ, ಅಂದರೆ ಮೂವತ್ತನಾಲ್ಕು ವರ್ಷಗಳ ಕಾಲ, ಯುಗಾದಿಗೆ ಒಮ್ಮೆ, ಗೌರಿಹಬ್ಬಕ್ಕೆ ಒಮ್ಮೆ, ದೀಪಾವಳಿಗೆ ಒಮ್ಮೆ ನಮ್ಮ ಮನೆ ಅಟ್ಟದಿಂದ ಹೊಸಲಿನವರೆಗೆ ಶುದ್ಧವಾಗುತ್ತಿತ್ತು. ಆ ಮೂರು ದಿನಗಳೂ ನಾನು ಮನೆಯಲ್ಲಿರುತ್ತಿರಲಿಲ್ಲ. ಬೆಳಗಿನ ಕಾಫಿಯಾಗುತ್ತಲೇ, "ನೀವು ಲೈಬ್ರರಿಗಾದರೂ ಹೋಗಿ ಬನ್ನಿ. ಇಲ್ಲಿದ್ದರೆ ಕಾಲಿಗೆ ಅಡ್ಡ ಬರ್ತೀರಿ" ಎಂದು ಅಪ್ಪಣೆಯಾಗುತ್ತಿತ್ತು. ಆ ಅಪ್ಪಣೆಯನ್ನು ಮೀರಬೇಕೆಂದು ನನಗೆ ಒಮ್ಮೆಯೂ ಅನ್ನಿಸಲಿಲ್ಲ. ಸಂಜೆ ಹಿಂದಿರುಗುವ ಹೊತ್ತಿಗೆ ಹೊಸಲಿಗೆ ಅರಿಶಿನ ಕುಂಕುಮ ಬಿದ್ದಿರುತ್ತಿತ್ತು, ಹಿತ್ತಾಳೆಯ ಪಾತ್ರೆಗಳು ಬಂಗಾರದಂತೆ ಹೊಳೆಯುತ್ತಿದ್ದವು, ಮನೆಯೆಲ್ಲ ಒದ್ದೆ ನೆಲದ ಪರಿಮಳ. "ಎಷ್ಟು ಚೆನ್ನಾಗಿದೆ" ಎಂದು ಹೇಳಿ ನಾನು ಆರಾಮಕುರ್ಚಿಯಲ್ಲಿ ಕುಳಿತುಕೊಳ್ಳುತ್ತಿದ್ದೆ. ರಾತ್ರಿ ಅವರು ಕೆಮ್ಮುತ್ತಿದ್ದುದು ಕೇಳಿಸುತ್ತಿತ್ತು. ಹಬ್ಬವೆಂದರೆ ಒಬ್ಬಟ್ಟು ಹೇಗೋ ಹಾಗೆಯೇ ಈ ಕೆಮ್ಮೂ ಎಂದು ನಾನು ತಿಳಿದಿದ್ದಿರಬೇಕು.

2010ರ ದೀಪಾವಳಿಗೆ ಇನ್ನು ಮೂರು ದಿನವಿತ್ತು. ನಾನು ನಿವೃತ್ತನಾಗಿ ನಾಲ್ಕು ವರ್ಷಗಳಾಗಿದ್ದವು. ಆದರೂ ಅಂದು ಅಭ್ಯಾಸಬಲದಿಂದ ಲೈಬ್ರರಿಗೆ ಹೋಗಿದ್ದೆ. ಹಿಂದಿರುಗಿದಾಗ ಪಕ್ಕದ ಮನೆಯವರು ಬಾಗಿಲಲ್ಲಿ ನಿಂತಿದ್ದರು. ಅಟ್ಟದ ಸಾಮಾನನ್ನೆಲ್ಲ ಇಳಿಸಿ, ಜಂತೆಯ ಮೂಲೆಯ ಇಲ್ಲಣವನ್ನು ಹೊಡೆಯಲು ಸ್ಟೂಲಿನ ಮೇಲೆ ಹತ್ತಿದ್ದ ನನ್ನ ಹೆಂಡತಿ ಆಯತಪ್ಪಿ ಬಿದ್ದಿದ್ದರು. ಬಲಗೈಯ ಮಣಿಕಟ್ಟಿನ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರು ಎಂದರು ವೈದ್ಯರು.

ಹಬ್ಬ ಬಂದು ಹೋಯಿತು. ಅಟ್ಟದಿಂದ ಇಳಿದ ಸಾಮಾನು ಮಾತ್ರ ನಡುಮನೆಯಲ್ಲೇ ಕುಳಿತಿತ್ತು. ಹಂಡೆ, ಕೊಪ್ಪರಿಗೆ, ಶ್ಯಾವಿಗೆ ಒರಳು, ಮಕ್ಕಳ ತೊಟ್ಟಿಲು, ದಸರೆಯ ಗೊಂಬೆಗಳ ಪೆಟ್ಟಿಗೆ, ಸೇರು ಪಾವುಗಳು, ಎರಡು ಟ್ರಂಕುಗಳು. ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ವರ್ಷವರ್ಷವೂ ನವೀಕರಿಸಬೇಕಾಗಿದ್ದ ನಮ್ಮ ತಂದೆಯವರ ಕಾಲದ ರೇಡಿಯೋ ಲೈಸೆನ್ಸಿನ ಪುಸ್ತಕವೂ ಅಲ್ಲಿತ್ತು. ರೇಡಿಯೋ ಇರಲಿಲ್ಲ. ಅವುಗಳ ನಡುವೆ ದಾರಿ ಮಾಡಿಕೊಂಡು ಹದಿನೈದು ದಿನ ಓಡಾಡಿದ ಮೇಲೆ, ಇವನ್ನು ನಾನೇ ಮೇಲಕ್ಕೆ ಸೇರಿಸುತ್ತೇನೆಂದು ಹೊರಟೆ. ಒಂದು ಭಾನುವಾರದಲ್ಲಿ ಮನೆಯನ್ನೆಲ್ಲ ಮುಗಿಸುವ ವೇಳಾಪಟ್ಟಿಯೊಂದನ್ನೂ ಸಿದ್ಧಪಡಿಸಿದೆ. ಎಂಟಕ್ಕೆ ಅಟ್ಟ, ಹತ್ತಕ್ಕೆ ಅಡುಗೆಮನೆ, ಹನ್ನೆರಡಕ್ಕೆ ಪುಸ್ತಕಗಳು.

ಆ ಭಾನುವಾರ ನಾನು ಮೊದಲು ನೆಲವನ್ನು ಚೆನ್ನಾಗಿ ತೊಳೆದೆ. ಆಮೇಲೆ ಸೂರಿನ ಧೂಳು ಹೊಡೆದೆ. ಮಂಗಳೂರು ಹೆಂಚಿನ ಮನೆ ನಮ್ಮದು. ಹೆಂಚಿನ ಸಂದಿನಿಂದ ವರ್ಷವಿಡೀ ಇಳಿಯುವ ಧೂಳಿಗೆ ಹಳೆಯ ಕಾಲದ ಸೌದೆ ಒಲೆಯ ಮಸಿ ಸೇರಿ ಜೇಡರಬಲೆಯಲ್ಲಿ ಜೋತಾಡುತ್ತಿರುತ್ತದೆ. ಅದೆಲ್ಲ ಒದ್ದೆ ನೆಲದ ಮೇಲೆ ಬಿದ್ದು ಕೆಸರಾಯಿತು. ಕೈಗೆ ಜೋಳಿಗೆ ಕಟ್ಟಿಕೊಂಡು ಕುರ್ಚಿಯಲ್ಲಿ ಕುಳಿತಿದ್ದ ನನ್ನ ಹೆಂಡತಿ ಬಹಳ ಹೊತ್ತು ಮೌನವಾಗಿ ನೋಡಿದರು. ಕೊನೆಗೆ, "ಮೇಲಿನದು ಮೊದಲು, ನೆಲ ಕೊನೆಗೆ. ಅದೂ ಒಂದು ದಿನಕ್ಕೆ ಒಂದೇ ಜಾಗ. ನಿಮಗೇನು ನಾಳೆ ಹಬ್ಬವೆ?" ಎಂದರು.

ನಾಳೆ ಹಬ್ಬವಿರಲಿಲ್ಲ. ಆ ಮಾತನ್ನು ನಾನು ಯೋಚಿಸುತ್ತ ಹೋದಂತೆ, ನಮ್ಮ ಸಾರಣೆಗಳೆಲ್ಲ ನಾಳೆಯ ಹಬ್ಬಕ್ಕಾಗಿಯೇ ನಡೆಯುತ್ತವೆಯಲ್ಲ ಎಂಬುದು ನನಗೆ ಹೊಳೆಯಿತು. ಹಬ್ಬಗಳಾದರೋ ಪಂಚಾಂಗ ಹೇಳಿದಾಗ ಬರುತ್ತವೆ. ಧೂಳಿನ ಅನುಕೂಲವನ್ನಾಗಲಿ ಹೆಂಗಸರ ಅನುಕೂಲವನ್ನಾಗಲಿ ಅವು ಕೇಳುವುದಿಲ್ಲ. ಗೌರಿಹಬ್ಬ ಮಳೆಗಾಲದಲ್ಲಿ ಬರುತ್ತದೆ. ದೀಪಾವಳಿಯ ಮುಂಚಿನ ದಿನಗಳೂ ನಮ್ಮ ಮೈಸೂರು ಸೀಮೆಯಲ್ಲಿ ಒಣಗಿದ ದಿನಗಳಲ್ಲ. ಹಿಂಗಾರಿನ ಮಳೆ ಅಕ್ಟೋಬರಿನಲ್ಲೇ ಜೋರಾಗಿ ಹೊಡೆಯುತ್ತದೆ. ಒಗೆದ ಜಮಖಾನೆ ಮೂರು ದಿನವಾದರೂ ಆರುವುದಿಲ್ಲ. ಯುಗಾದಿಯ ಹೊತ್ತಿಗೆ ಬಿಸಿಲೇನೋ ಇರುತ್ತದೆ, ಆದರೆ ಆ ಬಿಸಿಲಿನಲ್ಲಿ ಕೆಲಸ ಮಾಡುವವರ ಗತಿ? ಇವೆರಡರ ನಡುವೆ ಕಾರ್ತೀಕ ಕಳೆದು ಸಂಕ್ರಾಂತಿಯವರೆಗೆ ಮಾಗಿಯ ಕಾಲವೊಂದು ತನ್ನಷ್ಟಕ್ಕೆ ತಾನು ಬಿದ್ದಿರುತ್ತದೆ. ಮಳೆ ಹಿಂದೆಗೆದಿರುತ್ತದೆ. ಬೆಳಗಿನ ಚಳಿ ಹದಿನಾರು ಹದಿನೇಳು ಡಿಗ್ರಿಗೆ ಇಳಿದರೂ ಹತ್ತು ಗಂಟೆಗೆ ಹದವಾದ ಬಿಸಿಲು ಬರುತ್ತದೆ. ಧನುರ್ಮಾಸದಲ್ಲಿ ಮದುವೆ ಮುಂಜಿಗಳೂ ಇಲ್ಲ. ಬೆಳಗಿನ ಝಾವದ ಹುಗ್ಗಿಯಾದ ಮೇಲೆ ಇಡೀ ದಿನ ನಮ್ಮದು.

ಹೀಗೆ ನಾವು ಹಿಡಿದದ್ದು ದಿನಕ್ಕೊಂದು ಗೂಡು, ಇಲ್ಲವೇ ಒಂದು ಗೋಡೆ. ಹೇಳುವವರು ಅವರು, ಮಾಡುವವನು ನಾನು. ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು, ಉದ್ದ ಕೋಲಿಗೆ ಪೊರಕೆ ಬಿಗಿದು ನಾನು ನಿಂತಿದ್ದನ್ನು ಕಂಡು ಹಾಲಿನವನು ಒಳಗೆ ಯಾರೋ ಹೊಸಬರು ಬಂದಿದ್ದಾರೆಂದು ತಿಳಿದನಂತೆ.

ಹಾಸಿಗೆಗಳಿಗೆ ಮಾತ್ರ ನಾಲ್ಕು ದಿನ ಹಿಡಿಯಿತು. ಬೂರುಗದ ಅರಳೆಯ ಹಳೆಯ ಹಾಸಿಗೆಗಳು ಅವು, ಮಳೆಗಾಲದಲ್ಲಿ ತೇವ ಕುಡಿದು ಗಟ್ಟಿಯಾಗಿದ್ದವು. ಅಂಗಳದ ಬಿಸಿಲಿಗೆ ಹಾಕಿ, ಮಧ್ಯಾಹ್ನ ಮಗ್ಗುಲು ಬದಲಾಯಿಸಿ, ಸಂಜೆ ಕೋಲಿನಿಂದ ಬಡಿದರೆ ಎರಡನೆಯ ದಿನಕ್ಕೆ ಅವು ಉಬ್ಬಿ ಹಗುರವಾದವು. ನಮ್ಮ ತಾಯಿ ಇದನ್ನು ಪ್ರತಿ ಮಾಗಿಯಲ್ಲೂ ಮಾಡಿಸುತ್ತಿದ್ದರು. ಅದರ ಕಾರಣವನ್ನು ನಾನು ಅವರ ಕಾಲದ ನಂತರ ಓದಿ ತಿಳಿದುಕೊಂಡೆ. ಹಾಸಿಗೆಯ ಧೂಳಿನಲ್ಲಿ ಕಣ್ಣಿಗೆ ಕಾಣದ ನುಸಿಯೊಂದಿದೆ; ಧೂಳಿನಿಂದ ಬರುವ ಉಬ್ಬಸಕ್ಕೆ ಮುಖ್ಯ ಕಾರಣ ಅದೇ ಎಂದು 1964ರ ಸುಮಾರಿಗೆ ಹಾಲೆಂಡಿನ ಲೈಡನ್ ನಗರದ ಸಂಶೋಧಕರು ತೋರಿಸಿಕೊಟ್ಟರು. ಈ ನುಸಿ ನೀರು ಕುಡಿಯುವುದಿಲ್ಲ; ಗಾಳಿಯ ತೇವವನ್ನೇ ಮೈಯಿಂದ ಹೀರಿಕೊಂಡು ಬದುಕುತ್ತದೆ. ತೇವ ಶೇಕಡಾ 50ಕ್ಕಿಂತ ಕೆಳಗಿಳಿದು ಕೆಲವು ಕಾಲ ಹಾಗೆಯೇ ಉಳಿದರೆ ಒಣಗಿ ಸಾಯುತ್ತದೆ. ಮಳೆಗಾಲದ ತೇವದಲ್ಲಿ ಕೊಬ್ಬಿದ ಇದನ್ನು ದೀಪಾವಳಿಯ ಹಿಂದಿನ ದಿನ ಮುಚ್ಚಿದ ಕೋಣೆಯೊಳಗೆ ಕೊಡವಿದರೆ ಕೊಡವಿದವರ ಎದೆಗೆ ಏನಾಗಬೇಕು? ಮೂವತ್ತನಾಲ್ಕು ವರ್ಷದ ಕೆಮ್ಮಿನ ಉತ್ತರ ಅಲ್ಲಿತ್ತು. ಮಾಗಿಯಲ್ಲಿ, ಅಂಗಳದಲ್ಲಿ, ಗಾಳಿಗೆ ಬೆನ್ನು ಕೊಟ್ಟು ಬಡಿದಾಗ ನನಗೆ ಕೆಮ್ಮು ಬರಲಿಲ್ಲ. ಹಾಸಿಗೆ ಕಾಯುವ ನೆಪದಲ್ಲಿ ಇಬ್ಬರೂ ಬಿಸಿಲಲ್ಲಿ ಕುಳಿತು ಅವರೆಕಾಯಿ ಸುಲಿದೆವು. ಅವರು ಎಡಗೈಯಲ್ಲಿ ಸುಲಿಯುವಷ್ಟನ್ನು ನಾನು ಎರಡು ಕೈಯಲ್ಲಿ ಸುಲಿಯಲಾರದೆ ಹೋದೆ.

ಈ ದಿನಗಳ ಬಿಸಿಲಿಗೆ ಇನ್ನೊಂದು ಗುಣವಿದೆ. ಡಿಸೆಂಬರ್ 22ರ ಸುಮಾರಿಗೆ ಸೂರ್ಯ ನಮ್ಮ ನೆತ್ತಿಯ ಮೇಲೆ ಬರುವುದಿಲ್ಲ. ಮೈಸೂರಿನಲ್ಲಿ ನಡುಹಗಲಿನಲ್ಲೂ ಅವನು ನೆತ್ತಿಯಿಂದ 36 ಡಿಗ್ರಿಯಷ್ಟು ದಕ್ಷಿಣಕ್ಕೆ ವಾಲಿರುತ್ತಾನೆ. ಹಾಗಾಗಿ ತೆಂಕಣ ಕಿಟಕಿಯ ಬಿಸಿಲು ವರ್ಷದ ಬೇರೆ ಯಾವ ಕಾಲದಲ್ಲೂ ಬರದಷ್ಟು ಒಳಕ್ಕೆ ಬಂದು, ನಮ್ಮ ಪುಸ್ತಕದ ಬೀರುವಿನ ಕೆಳಗಿನ ಸಾಲಿನವರೆಗೆ ತಲುಪುತ್ತದೆ. ಬೆಳ್ಳಿಮೀನಿನಂತಹ ಹುಳುಗಳು ನಿಘಂಟಿನ ಬೆನ್ನಿನ ಅಂಟನ್ನು ತಿಂದು ಮುಗಿಸಿದ್ದು ಕಂಡದ್ದು ಆ ಬಿಸಿಲಿನಲ್ಲೇ. ಪುಸ್ತಕಗಳನ್ನು ನಾನು ಓದುತ್ತಿದ್ದೆ. ಅವನ್ನು ಒರೆಸುತ್ತಿದ್ದವರು ಬೇರೆ. ಒಣಗಿದ ಬೇವಿನೆಲೆ, ಬಜೆಯ ತುಂಡುಗಳು ಪ್ರತಿ ಸಾಲಿನ ಹಿಂದೆಯೂ ಇದ್ದವು.

ಹಿತ್ತಾಳೆಯ ವಿಷಯವನ್ನು ಹೇಳಲು ನನಗೆ ನಾಚಿಕೆ. ನಾನು ರಸಾಯನಶಾಸ್ತ್ರದ ಅಧ್ಯಾಪಕನಾಗಿದ್ದವನು. ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲ ತಾಮ್ರದ ಆಕ್ಸೈಡನ್ನು ಕರಗಿಸುತ್ತದೆಂದು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದಿದ್ದೇನೆ. ಒಂದು ಕೊಳಗವನ್ನು ಹುಣಸೆಹಣ್ಣಿನಿಂದ ತಿಕ್ಕಿ ಹೊಳಪು ಬರಿಸಲು ಎಷ್ಟು ಹೊತ್ತು ಬೇಕೆಂಬುದು ಮಾತ್ರ ಸಮೀಕರಣದಲ್ಲಿ ಇರಲಿಲ್ಲ. ತಿಕ್ಕಿದ ಮೇಲೆ ಚೆನ್ನಾಗಿ ತೊಳೆದು ಒರೆಸದಿದ್ದರೆ ಮರುದಿನವೇ ಮತ್ತೆ ಕಪ್ಪಾಗುತ್ತದೆಂಬುದೂ ಇರಲಿಲ್ಲ. ಸುಣ್ಣದ ಕಥೆಯೂ ಅಷ್ಟೆ. ಬಳಿದ ಸುಣ್ಣ ಗಾಳಿಯ ಇಂಗಾಲಾಮ್ಲವನ್ನು ನಿಧಾನವಾಗಿ ಹೀರಿ ಮತ್ತೆ ಕಲ್ಲಾಗಬೇಕು. ಅದಕ್ಕೆ ಗೋಡೆಯಲ್ಲಿ ಸ್ವಲ್ಪ ಕಾಲ ತೇವವಿರಬೇಕು. ಬೇಸಿಗೆಯ ಬಿಸಿಲಿನಲ್ಲಿ ಬೇಗ ಒಣಗಿದ ಸುಣ್ಣ ಕೈಗೆ ಅಂಟುತ್ತದೆ, ಉದುರುತ್ತದೆ. ಮಾಗಿಯಲ್ಲಿ ಗೋಡೆಯನ್ನು ಮೊದಲು ನೀರಿನಿಂದ ನೆನೆಸಿ, ಚಿಟಿಕೆ ನೀಲಿ ಬೆರೆಸಿ ತೆಳ್ಳಗೆ ಎರಡು ಸಲ ಬಳಿದ ಹಿತ್ತಿಲ ಗೋಡೆ ಇಂದಿಗೂ ಪಂಚೆಗೆ ಅಂಟುವುದಿಲ್ಲ. ಅಡುಗೆಮನೆಯ ಡಬ್ಬಗಳ ಬಗ್ಗೆ ಹೇಳುವಂತಹದೇನೂ ಇಲ್ಲ. ಅವು ಬಹಳ ಇವೆ, ಅಷ್ಟೆ.

ಚಳಿಗಾಲದಲ್ಲಿ ಮಸಿ ಗುಡಿಸುವ ಸಂಪ್ರದಾಯ ಬೇರೆಡೆಯೂ ಇದೆಯೆಂದು ಆಮೇಲೆ ಓದಿದೆ. ಜಪಾನಿನಲ್ಲಿ ಅದಕ್ಕೆ 'ಸುಸುಹರಾಯಿ' ಎನ್ನುತ್ತಾರೆ. 'ಸುಸು' ಎಂದರೆ ನಮ್ಮ ಇಲ್ಲಣವೇ. ಡಿಸೆಂಬರ್ 13 ಅದಕ್ಕೆ ರೂಢಿಯ ದಿನ. ಇರಾನಿನವರು ನೌರೋಜಿಗೆ ಮುಂಚೆ ಮಾಡುವ ಸಾರಣೆಯನ್ನು 'ಮನೆ ಕೊಡಹುವುದು' ಎಂದೇ ಕರೆಯುತ್ತಾರೆ. ಅಲ್ಲೆಲ್ಲ ಯಾರು ಕೊಡಹುತ್ತಾರೆ, ಯಾರು ಲೈಬ್ರರಿಗೆ ಹೋಗುತ್ತಾರೆ ಎಂಬ ವಿವರ ನಾನು ಓದಿದ ಪುಸ್ತಕದಲ್ಲಿರಲಿಲ್ಲ.

ಕೊನೆಗೆ ಉಳಿದದ್ದು ಟ್ರಂಕುಗಳು. ಮೊದಲನೆಯದರಲ್ಲಿ ರೇಷ್ಮೆ ಸೀರೆಗಳು. ಅವನ್ನು ಹಳೆಯ ಮಡಿಕೆಯಲ್ಲೇ ಮತ್ತೆ ಇಡಬಾರದು, ಮಡಿಕೆಯ ಗೆರೆಯಲ್ಲಿ ಸೀಳುತ್ತದೆ, ಪ್ರತಿ ವರ್ಷವೂ ಬೇರೆ ಕಡೆ ಮಡಿಸಬೇಕು ಎಂದು ಪಾಠವಾಯಿತು. ಎರಡನೆಯದು ದೊಡ್ಡ ಪಾತ್ರೆಗಳ ತಗಡಿನ ಟ್ರಂಕು. ಅದರ ಮುಚ್ಚಳದ ಒಳಮೈಗೆ ಒಂದು ಕಾಗದ ಅಂಟಿಸಿತ್ತು. ಮೇಲೆ ಪಾತ್ರೆಗಳ ಪಟ್ಟಿ. ಅದರ ಕೆಳಗೆ ಪೆನ್ಸಿಲಿನಲ್ಲಿ, ಅಟ್ಟವನ್ನು ಸಾರಣೆ ಮಾಡಿದ ವರ್ಷಗಳು, ಒಂದರ ಕೆಳಗೆ ಒಂದು. ಕೆಲವದರ ಮುಂದೆ ಒಂದೆರಡು ಮಾತು. "1983 ಯುಗಾದಿ. ಅತ್ತೆಯವರು ಇಲ್ಲ." "1987 ದೀಪಾವಳಿ. ಜ್ವರ. ಅಟ್ಟ ಬಾಕಿ, ಮಾರನೆಯ ದಿನ ಮುಗಿಯಿತು." "1995 ದೀಪಾವಳಿ. ಮಗ ಏಣಿ ಹಿಡಿದ."

1987ರ ದೀಪಾವಳಿಯನ್ನು ನಾನು ನೆನಪಿಸಿಕೊಳ್ಳಲು ಯತ್ನಿಸಿದೆ. ಹಬ್ಬದ ಊಟ ನೆನಪಿಗೆ ಬಂತು, ಮಕ್ಕಳ ಪಟಾಕಿ ನೆನಪಿಗೆ ಬಂತು. ಜ್ವರ ನೆನಪಿಗೆ ಬರಲಿಲ್ಲ. ಏಣಿ ಹಿಡಿದದ್ದು ಬರೆದಿಡುವಂತಹ ಸಂಗತಿಯಾಗಿತ್ತೆಂದರೆ ಮಿಕ್ಕ ವರ್ಷಗಳಲ್ಲಿ ಅದನ್ನು ಯಾರೂ ಹಿಡಿದಿರಲಿಲ್ಲವೆಂದಾಯಿತು. "ಇದನ್ನು ನನಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. "ನೀವು ಅಟ್ಟ ಹತ್ತಿದ್ದರೆ ಓದುತ್ತಿದ್ದಿರಿ" ಎಂದರು. ಅವರ ಧ್ವನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಉತ್ತರ ಹೇಳಲು ಸುಲಭವಾಗುತ್ತಿತ್ತು.

ಪ್ಲಾಸ್ಟರು ಬಿಚ್ಚಿದ್ದು ಧನುರ್ಮಾಸ ಹುಟ್ಟುವ ವೇಳೆಗೆ. ಕೈ ಪೂರ್ತಿ ತಿರುಗುತ್ತಿರಲಿಲ್ಲ, ಈಗಲೂ ತಿರುಗುವುದಿಲ್ಲ. ಸಾಮಾನೆಲ್ಲ ಅಟ್ಟ ಸೇರಿದ್ದು ಸಂಕ್ರಾಂತಿಗೆ ನಾಲ್ಕು ದಿನ ಮುಂಚೆ. ಅಂದು ನಾನು ಏಣಿ ಹತ್ತಿದೆ, ಅವರು ಎಡಗೈಯಲ್ಲಿ ಹಿಡಿದು ನಿಂತರು. ಅವರ ಹಿಡಿತದಿಂದ ಏಣಿಗೆ ಎಷ್ಟು ಬಲ ಬಂತೋ ಹೇಳಲಾರೆ, ಆದರೆ ಬಿಡಿ ಎಂದು ನಾನು ಹೇಳಲಿಲ್ಲ. ತಗಡಿನ ಟ್ರಂಕನ್ನು ಎತ್ತುವ ಮುನ್ನ ಮುಚ್ಚಳದ ಕಾಗದದ ಮೇಲೆ "2011 ಸಂಕ್ರಾಂತಿ" ಎಂದು ನಾನು ಬರೆದೆ. ಅವರು ಪೆನ್ಸಿಲನ್ನು ಇಸಿದುಕೊಂಡು, ಇನ್ನೂ ಸರಿಯಾಗಿ ಬಗ್ಗದ ಬೆರಳುಗಳಲ್ಲಿ, ಅದರ ಮುಂದೆ ಸೊಟ್ಟಸೊಟ್ಟಾಗಿ "ಕೆಮ್ಮು ಇಲ್ಲ" ಎಂದು ಬರೆದರು.

ಟ್ರಂಕು ಮೇಲೆ ಹೋಗಿ, ಏಣಿ ಹಿತ್ತಿಲಿಗೆ ಹೋಗಿ, ಇಬ್ಬರೂ ಕೈತೊಳೆದುಕೊಂಡ ಮೇಲೆ ನೋಡಿದರೆ ಕೊಪ್ಪರಿಗೆ ನಡುಮನೆಯಲ್ಲೇ ಇತ್ತು. ಅದನ್ನು ಬಚ್ಚಲಮನೆಗೆ ಉರುಳಿಸಿ, ಮುಂದಿನ ಮಾಗಿಗೆ ನೋಡೋಣವೆಂದುಕೊಂಡೆವು.