ಮೆಮೊ ಕೊಡುವ ಮುನ್ನ



ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ 1923ರಲ್ಲಿ ಊದುಕುಲುಮೆ ಹೊತ್ತಿಕೊಂಡಿತು. ಅಂಥ ಕುಲುಮೆಯನ್ನು ಸಂಜೆ ಆರಿಸಿ ಬೆಳಿಗ್ಗೆ ಹೊತ್ತಿಸುವ ಹಾಗಿಲ್ಲ; ಹಬ್ಬವಿರಲಿ, ಜಾತ್ರೆಯಿರಲಿ, ಅದು ಉರಿಯುತ್ತಲೇ ಇರಬೇಕು. ಮುಂದಿನ ಪಾಳಿಯವನು ಬರದಿದ್ದರೆ, ಅಷ್ಟು ಹೊತ್ತು ಬೆಂಕಿಯ ಮುಂದೆ ಬೆವರು ಸುರಿಸಿದವನೇ ಮತ್ತೆ ನಿಲ್ಲಬೇಕು. ಕೆಲಸದ ಶಿಸ್ತು ಮೊದಲು ಜೊತೆಗಾರನಿಗೆ ಸಲ್ಲಬೇಕಾದದ್ದು, ಯಜಮಾನನಿಗೆ ಆಮೇಲೆ ಎಂದು ನಾನು ನಂಬಿರುವುದು ಇದಕ್ಕೇ.

ಈಗ ಶಿವಮೊಗ್ಗ-ಭದ್ರಾವತಿ ನಡುವಿನ ಮಾಚೇನಹಳ್ಳಿಗೆ ಬನ್ನಿ. ಅಲ್ಲೊಂದು ಫೌಂಡ್ರಿ ಎಂದು ಊಹಿಸಿಕೊಳ್ಳಿ. ಅಡಿಕೆ ಕೊಯ್ಲಿನ ಕಾಲ. ಮೋಲ್ಡಿಂಗ್ ವಿಭಾಗದ ಒಬ್ಬ ಕೆಲಸಗಾರ ಹನ್ನೊಂದು ದಿನ ಪತ್ತೆಯಿಲ್ಲ. ಹನ್ನೆರಡನೆಯ ದಿನ ಗೇಟಿನಲ್ಲೇ ಅವನ ಕೈಗೆ ಮೆಮೊ: 'ಕರ್ತವ್ಯದಲ್ಲಿ ನಿರ್ಲಕ್ಷ್ಯ, ಅಶಿಸ್ತಿನ ವರ್ತನೆ.' ಅಷ್ಟೇ. ಇದಕ್ಕೆ ಆತ ಏನೆಂದು ಉತ್ತರ ಬರೆಯಬೇಕು? ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ, ಇಂಥ ಪಾಳಿಗೆ, ರಜೆ ಹೇಳದೆ ಗೈರುಹಾಜರಾಗಿದ್ದೀರಿ, ಕಾರಣ ತಿಳಿಸಿ ಎಂದು ಕೇಳಿದ್ದರೆ, ತೋಟದ ವಿಚಾರವನ್ನೋ ಮನೆಯವರ ಕಾಯಿಲೆಯನ್ನೋ ಬರೆದಾನು. ಮೂರನೆಯ ದಿನವೇ ಸೂಪರ್‌ವೈಸರ್ ಒಂದು ಫೋನ್ ಮಾಡಿ ವಿಚಾರಿಸಿದ್ದರೆ ಮೆಮೊ ಬೇಕಾಗುತ್ತಲೇ ಇರಲಿಲ್ಲವೇನೋ.

ರಜೆಯಿಲ್ಲದೆ 10 ದಿನಕ್ಕಿಂತ ಹೆಚ್ಚು ಗೈರಾಗುವುದು ಮಾದರಿ ಸ್ಟ್ಯಾಂಡಿಂಗ್ ಆರ್ಡರ್‌ಗಳ, ಅಂದರೆ ಕಾರ್ಖಾನೆಯ ಲಿಖಿತ ಸೇವಾ ನಿಯಮಗಳ, ಪ್ರಕಾರ ದುರ್ನಡತೆಯೇ, ಅನುಮಾನವಿಲ್ಲ. ಹಾಗೆಂದು ನೇರವಾಗಿ ಡಿಸ್ಮಿಸ್ ಮಾಡುವಂತಿಲ್ಲ. ಆರೋಪವನ್ನು ಬರೆದು ಕೊಡಬೇಕು, ಉತ್ತರಕ್ಕೆ ಸಮಯ ಕೊಡಬೇಕು, ವಿಚಾರಣೆ ನಡೆಸಬೇಕು. ಆರೋಪ ಜಗಳದ್ದಾದರೆ, ಅದನ್ನು ಕಣ್ಣಾರೆ ಕಂಡ ಮ್ಯಾನೇಜರೇ ವಿಚಾರಣಾಧಿಕಾರಿಯಾಗಿ ಕೂತರೆ ಅದು ನ್ಯಾಯವಲ್ಲ. ಸಸ್ಪೆಂಡ್ ಮಾಡಿದರೆ ಮೊದಲ 90 ದಿನ ಅರ್ಧ ಸಂಬಳವನ್ನು ಜೀವನಾಧಾರ ಭತ್ಯೆಯಾಗಿ ಕೊಡಬೇಕು; ನೌಕರನ ತಪ್ಪಿಲ್ಲದೆ ವಿಚಾರಣೆ ಅದಕ್ಕೂ ಮೀರಿ ಎಳೆದರೆ ಮುಕ್ಕಾಲು ಪಾಲು. ಆ ದಿನಗಳಲ್ಲೂ ಮನೆಯಲ್ಲಿ ಒಲೆ ಉರಿಯಬೇಕಲ್ಲ.

ಭಾಷೆಯ ಮಾತನ್ನೂ ಹೇಳಲೇಬೇಕು. 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯಿದೆ, ನಿಯಮಗಳನ್ನು ಇಂಗ್ಲಿಷಿನ ಜೊತೆಗೆ ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲೂ ಬರೆದು ಗೇಟಿನ ಬಳಿ ಹಾಕಬೇಕೆಂದಿತು. ಇಂಗ್ಲಿಷಿನಲ್ಲಿ ಬರೆದ ವಿಚಾರಣೆಯ ನಡಾವಳಿಗೆ, ಅದನ್ನು ಓದಲಾಗದವನಿಂದ ಕನ್ನಡದಲ್ಲಿ ಸಹಿ ಹಾಕಿಸಿಕೊಳ್ಳುವುದನ್ನು ನಾನಂತೂ ಒಪ್ಪಲಾರೆ. ಪ್ರತಿ ಪುಟವನ್ನೂ ಓದಿ ಹೇಳಿ, ಒಂದು ಪ್ರತಿಯನ್ನು ಅವನ ಕೈಗೇ ಕೊಡಿ.

2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಸ್ಟ್ಯಾಂಡಿಂಗ್ ಆರ್ಡರ್‌ಗಳ ಕಡ್ಡಾಯವನ್ನು ಕನಿಷ್ಠ 300 ಕೆಲಸಗಾರರಿರುವ ಕಾರ್ಖಾನೆಗಳಿಗೆ ಸೀಮಿತಗೊಳಿಸಿದೆ. ಆದರೆ ಅರವತ್ತು ಜನರ ಫೌಂಡ್ರಿಯಲ್ಲಿ ಎಲ್ಲರೂ ಎಲ್ಲರಿಗೂ ಪರಿಚಿತರು. ಸಿಟ್ಟೂ ಬೇಗ, ಸಲುಗೆಯೂ ಹೆಚ್ಚು. ಬರೆದಿಟ್ಟ ನಿಯಮ ಬೇಕಾಗಿರುವುದು ಅಲ್ಲೇ.

ಕೆಲಸದಿಂದ ತೆಗೆದ ಶಿಕ್ಷೆ ತಪ್ಪಿಗೆ ಮೀರಿದ್ದೆಂದು ಕಂಡರೆ ಅದನ್ನು ಇಳಿಸುವ ಅಧಿಕಾರ ಕಾರ್ಮಿಕ ನ್ಯಾಯಾಲಯಕ್ಕೆ 1971ರ ಕಾನೂನು ತಿದ್ದುಪಡಿಯಿಂದ ಬಂತು. ಅಲ್ಲಿ ಕಡತ ಬಿಚ್ಚಿದಾಗ ಆ ಹನ್ನೊಂದು ದಿನಗಳ ಜೊತೆಗೆ, ಅದಕ್ಕೂ ಹಿಂದೆ ಆತ ದುಡಿದ ವರ್ಷಗಳ ಹಾಜರಿ ಪುಸ್ತಕವೂ ಮೇಜಿನ ಮೇಲೆ ಬರುತ್ತದೆ.